ಅಸಲೂ ನಕಲೂ

ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಕಾಫಿಯನ್ನು ಮುಗಿಸಿ ಪತ್ರಿಕೆಯನ್ನು ಹಿಡಿದು ಕುಳಿತಿದ್ದೆ. ಅಡಿಗೆಮನೆಯಿಂದ ನನ್ನ ತಾಯಿಯವರ ಧ್ವನಿ ಕೇಳಿಸಿತು: "ಏನೋ ವಾಸನೆ ಬರ್ತಾ ಇದೆಯಲ್ಲೋ, ಸ್ವಲ್ಪ ಬಂದು ನೋಡು." ಅವರಿಗೆ ಕಣ್ಣು ಈಚೆಗೆ ಮಂದವಾಗಿದೆ, ಆದರೆ ಮೂಗು ಮಾತ್ರ ಇಪ್ಪತ್ತರ ಹರೆಯದಲ್ಲಿದ್ದಷ್ಟೇ ಚುರುಕಾಗಿದೆ. ನಾನು ಎದ್ದು ಹೋಗುವಷ್ಟರಲ್ಲಿ ನನ್ನಾಕೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದಾಗಿತ್ತು. ಒಲೆಯ ಹಿಂದುಗಡೆ ಬಗ್ಗಿ ನೋಡಿದರೆ ಗ್ಯಾಸಿನ ಪೈಪು ಬಾಗಿದ ಕಡೆಯಲ್ಲಿ ಕೂದಲೆಳೆಯಂತಹ ನಾಲ್ಕಾರು ಸೀಳುಗಳು ಬಿಟ್ಟಿದ್ದುವು.

"ಹೋದ ದೀಪಾವಳಿಗೆ ತಾನೆ ನೀವು ಹೊಸದಾಗಿ ತಂದದ್ದು?" ಎಂದು ಆಕೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕೊಡಲು ನನಗೆ ಧೈರ್ಯವಿರಲಿಲ್ಲ.

ಏಕೆಂದರೆ ಆ ಪೈಪಿನ ಚರಿತ್ರೆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ದೀಪಾವಳಿಯ ಸಂತೆಯಲ್ಲಿ ಒಂದು ಸಣ್ಣ ಅಂಗಡಿಯ ಮುಂದೆ ನಿಂತು ಪೈಪು ಕೇಳಿದಾಗ ಅಂಗಡಿಯಾತ ಬಹಳ ವಿನಯದಿಂದ, "ಒರಿಜಿನಲ್ ಬೇಕಾ ಸಾರ್, ಡೂಪ್ಲಿಕೇಟ್ ನಡೆಯುತ್ತಾ?" ಎಂದು ವಿಚಾರಿಸಿದ್ದ. ಎರಡಕ್ಕೂ ಏನು ವ್ಯತ್ಯಾಸವೆಂದು ಕೇಳಿದೆ. "ಒಳಗೆಲ್ಲ ಒಂದೇ ಸಾರ್, ರೇಟು ಮಾತ್ರ ಅರ್ಧ" ಎಂದ. ಎರಡರ ಮೇಲೂ ಐಎಸ್‌ಐ ಗುರುತು ಅಚ್ಚಾಗಿತ್ತು. ನಾನು ಅರ್ಧ ಬೆಲೆಯದನ್ನೇ ಕೊಂಡೆ. ಅಷ್ಟೇ ಆಗಿದ್ದರೆ ಜಿಪುಣತನವೆಂದು ಕ್ಷಮಿಸಬಹುದಾಗಿತ್ತು. ಮನೆಗೆ ಬಂದು, "ಒಳ್ಳೆಯ ಮಾಲು, ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸಿದೆ" ಎಂದು ಹೆಮ್ಮೆಪಟ್ಟುಕೊಂಡು ಹೇಳಿದ್ದೆ. ಆ ದಿನ ನಮ್ಮ ಮನೆಯೊಳಕ್ಕೆ ಬಂದ ನಕಲಿ ವಸ್ತುಗಳು ಎರಡು: ಒಂದು ಆ ಪೈಪು, ಇನ್ನೊಂದು ನನ್ನ ಮಾತು.

ಗ್ಯಾಸಿನ ಏಜೆನ್ಸಿಯಿಂದ ಬಂದ ಹುಡುಗ ಪೈಪನ್ನು ಬಿಚ್ಚಿ, ಬೆರಳಲ್ಲಿ ತಿರುಗಿಸಿ ನೋಡಿ ನಕ್ಕ. ನಿಜವಾದ ಐಎಸ್‌ಐ ಗುರುತಿನ ಮೇಲುಗಡೆ ಆ ವಸ್ತುವಿನ ಮಾನಕದ ಸಂಖ್ಯೆ ಇರಬೇಕು. ಕೆಳಗಡೆ ಸಿಎಂ/ಎಲ್ ಎಂಬ ಅಕ್ಷರಗಳೊಡನೆ ತಯಾರಕನ ಪರವಾನಗಿಯ ಸಂಖ್ಯೆ ಇರಬೇಕು. ನಮ್ಮ ಪೈಪಿನಲ್ಲಿ ಗುರುತು ಇತ್ತು, ಸಂಖ್ಯೆಗಳೆರಡೂ ಇರಲಿಲ್ಲ. ಅರ್ಥಾತ್, ಹಣೆಯ ಮೇಲೆ ನಾಮವಿತ್ತು. ಮಠದ ಹೆಸರು ಕೇಳಿದರೆ ಉತ್ತರವಿರಲಿಲ್ಲ.

ಅಂದಿನಿಂದ ಈ ವಿಷಯ ನನ್ನ ತಲೆಯನ್ನು ಬಿಟ್ಟುಹೋಗಿಲ್ಲ. ಆದಕಾರಣ ಈ ವಾರ ವಾಚಕರೊಡನೆ ಅದನ್ನೇ ಹಂಚಿಕೊಳ್ಳುತ್ತಿದ್ದೇನೆ.

ಕನ್ನಡದ ಮೇಷ್ಟರಾದ ನನಗೆ ಯಾವ ಕಷ್ಟ ಬಂದರೂ ಮೊದಲು ಪದದ ಮೂಲವನ್ನು ಹುಡುಕುವ ದುರಭ್ಯಾಸವಿದೆ. 'ಅಸಲು', 'ನಕಲು' ಎಂಬ ಎರಡು ಮಾತುಗಳೂ ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮತ್ತು ಉರ್ದುಗಳ ದಾರಿಯಾಗಿ ನಮ್ಮ ಕಚೇರಿಗಳಿಗೂ ಅಂಗಡಿಗಳಿಗೂ ಬಂದವು. ಅಸಲು ಎಂದರೆ ಬೇರು, ಮೂಲ. ಸಾಲ ಕೊಡುವವರ ಬಾಯಲ್ಲಿ ಅದು ಬಂಡವಾಳದ ಹೆಸರಾಯಿತು: ಅಸಲು ಮತ್ತು ಬಡ್ಡಿ. ನಕಲು ಎಂದರೆ ಪ್ರತಿ. ತಾಲ್ಲೂಕು ಕಚೇರಿಯಲ್ಲಿ ಪತ್ರದ ನಕಲು ಕೇಳಿದರೆ ಗುಮಾಸ್ತರು ಮೊಹರು ಹಾಕಿ ಕೊಡುತ್ತಾರೆ; ಅದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷಾ ಮಂದಿರದಲ್ಲಿ ಪಕ್ಕದವನ ಉತ್ತರವನ್ನು ನೋಡಿ ಬರೆದರೆ ಅದೂ ನಕಲೇ. ಅಲ್ಲಿ ಮಾತ್ರ ಅದು ಅಪರಾಧ. ಎರಡಕ್ಕೂ ಏನು ಭೇದ? ಕಚೇರಿಯ ನಕಲು 'ನಾನು ನಕಲು' ಎಂದು ತನ್ನ ನೆತ್ತಿಯ ಮೇಲೆ ಬರೆದುಕೊಂಡಿರುತ್ತದೆ. ಪರೀಕ್ಷೆಯ ನಕಲು 'ನಾನೇ ಅಸಲು' ಎಂದು ಸಾಧಿಸುತ್ತದೆ. ದೋಷವಿರುವುದು ಅನುಕರಣದಲ್ಲಲ್ಲ, ಹೆಸರಿನ ಕಳ್ಳತನದಲ್ಲಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

ಈ ಕಳ್ಳತನ ಇಂದಿನದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಬೆಳಕಿಗೆ ತಂದು, ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ಕೀಳು ದರ್ಜೆಯ ಮರ, ಕಬ್ಬಿಣ, ಮಣಿ, ನೂಲು, ಬಟ್ಟೆಗಳನ್ನು ಮೇಲು ದರ್ಜೆಯದೆಂದು ಹೇಳಿ ಮಾರಿದವನಿಗೆ ಆ ಪದಾರ್ಥದ ಬೆಲೆಯ ಎಂಟು ಪಟ್ಟು ದಂಡ ವಿಧಿಸಬೇಕೆಂದು ಅಲ್ಲಿ ಹೇಳಿದೆ. ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಗಳಲ್ಲಿ ಅದೇ ಬಣ್ಣದ ನಿಸ್ಸಾರ ವಸ್ತುವನ್ನು ಬೆರೆಸಿದವನಿಗೆ ಹನ್ನೆರಡು ಪಣ ದಂಡ. ಎಂದರೆ ವರ್ತಕನೂ ಅವನ ಕೈಚಳಕವೂ ಅಂದಿಗೇ ಒಟ್ಟೊಟ್ಟಿಗೆ ಬೆಳೆದಿದ್ದುವು. ಇಂದು ಬದಲಾಗಿರುವುದು ಅದರ ಪ್ರಮಾಣ. ೨೦೨೧ರಲ್ಲಿ ದೇಶದೇಶಗಳ ನಡುವೆ ಸಾಗಿದ ನಕಲಿ ಸರಕಿನ ಬೆಲೆ ಸುಮಾರು ೪೬,೭೦೦ ಕೋಟಿ ಡಾಲರು, ಜಗತ್ತಿನ ಆಮದಿನ ಶೇಕಡ ೨.೩ರಷ್ಟು ಎಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯವರು ಅಂದಾಜು ಮಾಡಿದ್ದಾರೆ. ಒಂದೊಂದು ದೇಶದ ಒಳಗೇ ತಯಾರಾಗಿ ಒಳಗೇ ಮಾರಾಟವಾದದ್ದು ಈ ಲೆಕ್ಕಕ್ಕೆ ಸೇರಿಲ್ಲ. ನನ್ನ ಪೈಪು ಬಹುಶಃ ಆ ಲೆಕ್ಕಕ್ಕೂ ಸಿಕ್ಕದ ವರ್ಗದ್ದು.

ಇದಕ್ಕೆ ಕಾರಣವೇನು? ಮೊದಲನೆಯದು, ಒಳ್ಳೆಯ ಹೆಸರಿಗಿರುವ ಬೆಲೆ. ಬೇಲಿಯ ಕಾಯಿಗೆ ಯಾರೂ ಕಲ್ಲು ಹೊಡೆಯುವುದಿಲ್ಲ. ಹಣ್ಣು ಬಿಟ್ಟ ಮಾವಿನ ಮರಕ್ಕೇ ಹೊಡೆಯುತ್ತಾರೆ. ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ತೆಗೆದುಕೊಳ್ಳೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರ ಯೂರೋಪಿಗೆ ಹೋಗದೆ ಉಳಿದಾಗ, ೧೯೧೬ರಲ್ಲಿ ಮೈಸೂರು ಸಂಸ್ಥಾನವೇ ಗಂಧದೆಣ್ಣೆಯನ್ನು ಇಳಿಸುವ ಕಾರ್ಖಾನೆಯನ್ನು ತೆರೆಯಿತು. ಅದರ ಬೆನ್ನಿಗೇ ಸೋಪಿನ ತಯಾರಿಕೆ ಬಂದಿತು. ಎಸ್. ಜಿ. ಶಾಸ್ತ್ರಿಗಳಂತಹ ರಸಾಯನಶಾಸ್ತ್ರಜ್ಞರು ವಿಲಾಯಿತಿಗೆ ಹೋಗಿ ವಿದ್ಯೆಯನ್ನು ಕಲಿತು ಬಂದು ಅದನ್ನು ನಿಲ್ಲಿಸಿದರು. ಸಿಂಹದ ಮೈ, ಆನೆಯ ತಲೆ ಉಳ್ಳ ಶರಭದ ಚಿಹ್ನೆ, ಮೊಟ್ಟೆಯಾಕಾರದ ಬಿಲ್ಲೆ, ಪೆಟ್ಟಿಗೆ ತೆರೆದೊಡನೆ ಬರುವ ಆ ಪರಿಮಳ, ಇವೆಲ್ಲ ಒಂದು ದಿನದಲ್ಲಿ ಆದದ್ದಲ್ಲ; ಮೂರು ನಾಲ್ಕು ತಲೆಮಾರುಗಳ ಕೂಲಿಕಾರರ, ಕೆಮಿಸ್ಟರ ದುಡಿಮೆ. ಆದರೆ ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಹೆಸರಿನ ನಕಲಿ ಸೋಪಿನ ಜಾಲ ಪತ್ತೆಯಾದಾಗ ದೊರೆತ ಸಾಮಗ್ರಿಯ ಬೆಲೆ ಸುಮಾರು ೨ ಕೋಟಿ ರೂಪಾಯಿ. ಒಂದು ನೂರು ವರ್ಷದಲ್ಲಿ ಸಂಪಾದಿಸಿದ ಕೀರ್ತಿಯನ್ನು ಒಂದು ಅಚ್ಚಿನ ಯಂತ್ರದಿಂದ ಒಂದು ರಾತ್ರಿಯಲ್ಲಿ ಸಂಪಾದಿಸುವುದಾದರೆ ಯಾವ ಕಳ್ಳ ತಾನೆ ಬಿಟ್ಟಾನು?

ತುಪ್ಪದ ಕಥೆಯೂ ಹೀಗೆಯೇ. ೨೦೨೧ರ ಡಿಸೆಂಬರಿನಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ನಂದಿನಿಯ ಹೆಸರಿನಲ್ಲಿ ಡಾಲ್ಡಾ, ತಾಳೆಯೆಣ್ಣೆಗಳನ್ನು ಬೆರೆಸಿ ತುಪ್ಪ ಮಾಡುತ್ತಿದ್ದ ಗೋದಾಮು ಸಿಕ್ಕಿಬಿದ್ದಿತು. ೨೦೨೫ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ನಕಲಿ ತುಪ್ಪ ತಮಿಳುನಾಡಿನ ತಿರುಪ್ಪೂರಿನಲ್ಲಿ ತಯಾರಾಗಿ ಬರುತ್ತಿತ್ತು. ದೇವರ ದೀಪಕ್ಕೂ ಬಾಣಂತಿಯ ಅನ್ನಕ್ಕೂ ನಂಬಿ ಹಾಕುವ ವಸ್ತುವಿನ ಗತಿ ಇದು.

ಎರಡನೆಯ ಕಾರಣ, ಸೌಲಭ್ಯ. ಹೊಲೋಗ್ರಾಮನ್ನೇ ಅಚ್ಚು ಹಾಕಬಲ್ಲ ಯಂತ್ರಗಳಿಗೆ ಚೀಟಿ ಯಾವ ಲೆಕ್ಕ? ಇದಕ್ಕೆ ನಾವೂ ನಮಗೆ ತಿಳಿಯದಂತೆಯೇ ಕೈಜೋಡಿಸುತ್ತೇವೆ. ಸುಗಂಧದ ಬಾಟಲಿ, ಶಾಂಪೂವಿನ ಡಬ್ಬಿ, ತುಪ್ಪದ ಡಬ್ಬ ಇವನ್ನೆಲ್ಲ ತೊಳೆದು ಒರಸಿ, ಚೀಟಿಯೂ ಹರಿಯದಂತೆ ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕುತ್ತೇವೆ. ಖಾಲಿ ಡಬ್ಬಿಯ ಹೆಸರಿಗೂ ಕೊಳ್ಳುವವರಿದ್ದಾರೆಂದು ನಮಗೆ ಹೊಳೆಯುವುದಿಲ್ಲ. ಇದರ ಮೇಲೆ ಮೊಬೈಲಿನ ವ್ಯಾಪಾರ ಬೇರೆ. ಮಾರುವವನ ಮುಖವಿಲ್ಲ, ಅಂಗಡಿಯ ಹೊಸ್ತಿಲಿಲ್ಲ. ಚಿತ್ರದಲ್ಲಿ ಕಂಡದ್ದು ಒಂದು, ಪೊಟ್ಟಣದಲ್ಲಿ ಬಂದದ್ದು ಇನ್ನೊಂದು.

ಮೂರನೆಯದು ಕಾನೂನಿನ ನಿಧಾನ. ಸುಳ್ಳು ಮುದ್ರೆಯನ್ನು ಹಾಕಿದವನಿಗೂ ಅಂತಹ ಸರಕನ್ನು ಮಾರಿದವನಿಗೂ ೧೯೯೯ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ಜುಲ್ಮಾನೆಯಿದೆ. ಕಾಗದದ ಮೇಲೆ ಇದು ಸಣ್ಣದಲ್ಲ. ಆದರೆ ಕೋಟಿ ಕೋಟಿ ಸಂಪಾದಿಸುವವನಿಗೆ ಎರಡು ಲಕ್ಷ ಯಾವ ಮೂಲೆಗೆ? ಕೌಟಿಲ್ಯನ ಎಂಟು ಪಟ್ಟು ದಂಡವು ಮಾಲಿನ ಜೊತೆಗೇ ಬೆಳೆಯುತ್ತಿತ್ತು. ನಮ್ಮದು ಒಂದೇ ಕಡೆ ನಿಂತಿದೆ.

ನಾಲ್ಕನೆಯ ಕಾರಣವನ್ನು ಹೇಳಲು ನಾಲಿಗೆ ತಡೆಯುತ್ತದೆ. ನಕಲನ್ನು ಕೊಳ್ಳುವವರಲ್ಲಿ ಎರಡು ಬಗೆ. ಮೋಸಹೋಗಿ ಕೊಳ್ಳುವವರು ಒಂದು ಬಗೆ. ತಿಳಿದೂ ತಿಳಿದೂ ಕೊಳ್ಳುವವರು ಇನ್ನೊಂದು. ದೊಡ್ಡ ಕಂಪನಿಯ ಗಡಿಯಾರ ಕೈಯ ಮೇಲಿರಬೇಕು, ಅದರ ಹಣ ಮಾತ್ರ ಜೇಬಿನಿಂದ ಹೋಗಬಾರದು. 'ಫಸ್ಟ್ ಕಾಪಿ' ಎಂಬ ಮರ್ಯಾದೆಯ ಹೆಸರನ್ನು ಅದಕ್ಕೆ ನಾವೇ ಇಟ್ಟುಕೊಟ್ಟಿದ್ದೇವೆ. ಮೊದಲನೆಯ ಬಗೆಯವರು ದಯೆಗೆ ಪಾತ್ರರು. ಎರಡನೆಯ ಬಗೆಯವರು, ನನ್ನನ್ನೂ ಸೇರಿಸಿಕೊಂಡು, ಆ ವ್ಯಾಪಾರದ ಪಾಲುದಾರರು.

ಇನ್ನು ಅನರ್ಥಗಳ ಮಾತು. ಗಡಿಯಾರ ನಕಲಿಯಾದರೆ ಹೆಚ್ಚೆಂದರೆ ರೈಲು ತಪ್ಪೀತು. ಔಷಧ ನಕಲಿಯಾದರೆ? ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಹತ್ತಕ್ಕೆ ಒಂದು ಔಷಧವಾದರೂ ಕಳಪೆ ಇಲ್ಲವೆ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಅಂದಾಜು ಮಾಡಿತು. ವಿಷ ಬೆರೆತರೆ ಮಾತ್ರ ಅಪಾಯವೆಂದು ಎಣಿಸಬೇಡಿ. ಬರಿಯ ಸೀಮೆಸುಣ್ಣದ ಪುಡಿ ಇದ್ದರೂ ಸಾಕು; ರೋಗಿ ಗುಳಿಗೆಯನ್ನು ನುಂಗಿ ಗುಣವಾಗುವೆನೆಂದು ಕಾಯುತ್ತಿರುವಾಗ ರೋಗ ಕಾಯುವುದಿಲ್ಲ. ಸೋಂಕಿನ ಮದ್ದು ಅರೆಪಾಲು ಮಾತ್ರ ಇದ್ದರೆ ಇನ್ನೂ ಕೆಟ್ಟದ್ದು: ರೋಗಾಣುಗಳು ಸಾಯದೆ, ಆ ಮದ್ದನ್ನೇ ಎದುರಿಸುವ ಶಕ್ತಿಯನ್ನು ಪಡೆದುಕೊಂಡು, ನಾಳೆ ಅಸಲು ಮದ್ದನ್ನು ತಿಂದ ನೆರೆಮನೆಯವನನ್ನೂ ಕಾಡುತ್ತವೆ. ೧೯೮೬ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ಹಿರಿಯರು ಮರೆತಿರಲಾರರು. ಔಷಧದ ಗ್ಲಿಸರಿನ್ ಎಂದು ಸರಬರಾಜಾದ ದ್ರವದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಹದಿನಾಲ್ಕು ಮಂದಿ ರೋಗಿಗಳು ತೀರಿಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಅದರ ವಿಚಾರಣೆ ನಡೆಸಿತು. ಶೀಶೆಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಇರಬೇಕಾದ ಸಂಬಂಧ ಕಡಿದುಹೋದರೆ ಪ್ರಾಣವೇ ಅದರ ಬೆಲೆ.

ಎರಡನೆಯ ಪೆಟ್ಟು ಬೀಳುವುದು ಪ್ರಾಮಾಣಿಕವಾಗಿ ದುಡಿಯುವವನ ಮೇಲೆ. ಮೈಸೂರಿನಲ್ಲಿ ೧೯೧೨ರಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯ ಸೀರೆಯ ಹೆಸರಿನಲ್ಲಿ, ರೇಷ್ಮೆಯ ಎಳೆಯನ್ನೇ ಕಾಣದ ಸೀರೆಗಳು ಮಾರಾಟವಾಗುತ್ತವೆ. ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ತಾಯಿಯೊಬ್ಬಳು ಅಂತಹ ಸೀರೆಯನ್ನು ಕೊಂಡರೆ ಮೋಸಹೋದವಳು ಅವಳೊಬ್ಬಳೇ ಅಲ್ಲ. ರೇಷ್ಮೆ ಹುಳು ಸಾಕಿದ ರಾಮನಗರದ ರೈತನ, ನೂಲು ತೆಗೆದವಳ, ನೇಯ್ದವನ ಅನ್ನವೂ ಅದರಲ್ಲಿ ಹೋಯಿತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದ ನಷ್ಟ: ನಂಬಿಕೆಯ ನಷ್ಟ. ನಕಲು ಹೆಚ್ಚಿದ ಊರಿನಲ್ಲಿ ಜನ ಅಸಲನ್ನೂ ನಂಬುವುದಿಲ್ಲ. ನಂಬದ ಮೇಲೆ ಅದಕ್ಕೆ ಹೆಚ್ಚಿನ ಬೆಲೆಯನ್ನೂ ಕೊಡುವುದಿಲ್ಲ. ಹೆಚ್ಚಿನ ಬೆಲೆ ಸಿಕ್ಕದ ಮೇಲೆ ಒಳ್ಳೆಯ ಮಾಲನ್ನು ತಯಾರಿಸುವವನು ಬಾಗಿಲು ಮುಚ್ಚುತ್ತಾನೆ, ಇಲ್ಲವೆ ತಾನೂ ಕೆಡುತ್ತಾನೆ. ಕೊನೆಗೆ ಉಳಿಯುವುದು ಕಳಪೆಯೊಂದೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿ ಹಳೆಯ ಮೋಟಾರುಗಳ ಪೇಟೆಯನ್ನು ಉದಾಹರಿಸಿ ಇದೇ ತರ್ಕವನ್ನು ವಿವರಿಸಿದರು. ೨೦೦೧ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಸಾಲಗಾರರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಬಡ್ಡಿಯಷ್ಟೇ ಅಲ್ಲ, ಅಸಲೇ ಮುಳುಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ಬಡವರು ಏನು ಮಾಡಬೇಕು ಸ್ವಾಮಿ? ಅಗ್ಗದ್ದನ್ನು ಕೊಳ್ಳುವುದೇ ತಪ್ಪೆ?" ಖಂಡಿತ ಅಲ್ಲ. ಅಗ್ಗವಾದದ್ದೆಲ್ಲ ನಕಲಲ್ಲ. ಪಕ್ಕದ ಬೀದಿಯ ಗೃಹೋದ್ಯೋಗದ ಸೋಪು ತನ್ನ ಹೆಸರಿನಲ್ಲೇ ತಾನು ಬರುತ್ತದೆ. ಅದು ಮರ್ಯಾದಸ್ಥ ವಸ್ತು. ಜನೌಷಧಿ ಅಂಗಡಿಯಲ್ಲಿ ಸಿಕ್ಕುವ ಜೆನೆರಿಕ್ ಗುಳಿಗೆ ತನ್ನೊಳಗಿನ ಮದ್ದಿನ ಹೆಸರನ್ನೇ ಹೊತ್ತು, ಕಡಿಮೆ ಬೆಲೆಗೆ ಬರುತ್ತದೆ. ಅದನ್ನು ಡೂಪ್ಲಿಕೇಟ್ ಎನ್ನುವುದು ಅಜ್ಞಾನ. ಕೈಯಲ್ಲಿ ಹಣ ಕಡಿಮೆಯಿದ್ದರೆ ಸಣ್ಣ ಹೆಸರಿನ ಸಾಚಾ ವಸ್ತುವನ್ನು ಕೊಳ್ಳೋಣ. ದೊಡ್ಡ ಹೆಸರಿನ ಸುಳ್ಳು ವಸ್ತು ಬೇಡ.

ನಮ್ಮಂಥ ಸಂಸಾರಸ್ಥರು ಮಾಡಬಹುದಾದದ್ದು ಸಾಕಷ್ಟಿದೆ. ಕೊಂಡದ್ದಕ್ಕೆಲ್ಲ ರಸೀತಿ ಕೇಳುವುದು ಮೊದಲನೆಯದು. ನಕಲು ಮಾರುವವನು ಯಾವುದಕ್ಕೂ ಹೆದರದಿದ್ದರೂ ರಸೀತಿಗೆ ಹೆದರುತ್ತಾನೆ. ಚಿನ್ನದ ಒಡವೆಯ ಮೇಲೆ ಹಾಲ್‌ಮಾರ್ಕಿನೊಡನೆ ಆರು ಅಕ್ಷರಾಂಕಿಗಳ ಒಂದು ಗುರುತು ಇರುತ್ತದೆ. ೨೦೨೩ರ ಏಪ್ರಿಲ್ ೧ರಿಂದ ಹಾಲ್‌ಮಾರ್ಕಿನ ಒಡವೆಗಳನ್ನು ಅದಿಲ್ಲದೆ ಮಾರುವಂತಿಲ್ಲ. ಆ ಗುರುತನ್ನೂ, ಐಎಸ್‌ಐ ಪರವಾನಗಿಯ ಸಂಖ್ಯೆಯನ್ನೂ ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಎಂಬ ಆ್ಯಪಿನಲ್ಲಿ ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು. ಹೆಚ್ಚು ಬಳಕೆಯ ಮುನ್ನೂರು ಔಷಧಗಳ ಚೀಟಿಯ ಮೇಲೆ ೨೦೨೩ರ ಆಗಸ್ಟಿನಿಂದ ಬಾರ್‌ಕೋಡು ಅಥವಾ ಕ್ಯೂಆರ್ ಕೋಡು ಇರಬೇಕೆಂದು ನಿಯಮವಾಗಿದೆ. ಮೈಸೂರು ರೇಷ್ಮೆಯ ಸೀರೆಗೆ ತನ್ನದೇ ಸಂಖ್ಯೆಯೂ ಹೊಲೋಗ್ರಾಮೂ ಇರುತ್ತವೆ, ಕೇಳಿ ನೋಡಿಕೊಳ್ಳಿ. ಖಾಲಿ ಡಬ್ಬಿಯನ್ನು ಹೊರಗೆ ಹಾಕುವ ಮೊದಲು ಚೀಟಿಯನ್ನು ಹರಿದು, ಮುಚ್ಚಳವನ್ನು ಮುರಿದು ಹಾಕಿ. ಮೋಸಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ೧೯೧೫ ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ.

ಇಷ್ಟೆಲ್ಲ ಬುದ್ಧಿ ಹೇಳಿದ ಮೇಲೆ ನನ್ನ ಕಥೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ಅದೇ ವಾರ ತರಗತಿಯಲ್ಲಿ ಪಠ್ಯವಾಗಿದ್ದ ಒಂದು ಕಾದಂಬರಿಯನ್ನು ಓದಿಸುತ್ತಿದ್ದೆ. ಓದುತ್ತಿದ್ದ ಹುಡುಗ ಒಂದು ವಾಕ್ಯದ ನಡುವೆ ನಿಂತುಬಿಟ್ಟ. "ಯಾಕಪ್ಪ?" ಎಂದೆ. "ಮುಂದೆ ಪುಟ ಇಲ್ಲ ಸಾರ್" ಎಂದ. ಪುಸ್ತಕವನ್ನು ತರಿಸಿ ನೋಡಿದೆ. ಹೊದಿಕೆಯೇನೋ ಅದೇ, ಕಾಗದ ತೆಳ್ಳಗೆ, ಅಚ್ಚು ಮಸುಕು, ನಡುವೆ ಎಂಟು ಪುಟಗಳು ಮಾಯ. ಪಾದಚಾರಿ ದಾರಿಯಲ್ಲಿ ಕೊಂಡ ಕಳ್ಳಮುದ್ರಣ. ಲೇಖಕನಿಗೆ ಒಂದು ಕಾಸೂ ಸಲ್ಲದ ಇಂತಹ ಪುಸ್ತಕವನ್ನು ಕೊಳ್ಳಬಹುದೇ ಎಂದು ಗದರಿಸಿದೆ. ಹುಡುಗ ತಲೆ ತಗ್ಗಿಸಿ, "ಕಡಿಮೆಗೆ ಸಿಕ್ತು ಸಾರ್. ಒಳಗೆಲ್ಲ ಒಂದೇ ಅಂದ್ರು" ಎಂದ.

ದೀಪಾವಳಿಯ ಅಂಗಡಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ಗದರಿಸುವ ನಾಲಿಗೆ ಅಲ್ಲಿಗೇ ನಿಂತಿತು. ಹುಡುಗನ ತಂದೆ ಗಾರೆ ಕೆಲಸದವರೆಂದು ಆಮೇಲೆ ತಿಳಿಯಿತು. ಅವನಿಗೆ ಅರ್ಧ ಬೆಲೆ ಅನಿವಾರ್ಯವಾಗಿತ್ತು. ನನಗೆ ಅದು ಕೇವಲ ಚಪಲವಾಗಿತ್ತು. ಮರುದಿನ ಪ್ರಕಾಶಕರಿಗೆ ಫೋನು ಮಾಡಿ, ತರಗತಿಗೆಲ್ಲ ಒಟ್ಟಾಗಿ ಕೊಂಡರೆ ರಿಯಾಯಿತಿ ಉಂಟೆ ಎಂದು ವಿಚಾರಿಸಿದೆ. ಉಂಟು ಎಂದರು. ನಲವತ್ತು ಪ್ರತಿಗಳು ಬಂದವು. ಬೆಲೆ ಕಳ್ಳಮುದ್ರಣಕ್ಕಿಂತ ಸ್ವಲ್ಪವೇ ಹೆಚ್ಚು.

ಅಂದು ಸಂಜೆ ಮನೆಗೆ ಬಂದು ನನ್ನಾಕೆಗೆ ಪೈಪಿನ ನಿಜವಾದ ಕಥೆಯನ್ನು ಹೇಳಿದೆ. ಬೈಯುತ್ತಾಳೆಂದು ಎಣಿಸಿದ್ದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೈಪಿನದು ಹೋಗಲಿ. ಇನ್ನುಮುಂದೆ ನೀವು ಇಷ್ಟು ಕೊಟ್ಟೆ ಅಂದ್ರೆ ನಾನು ನಂಬಬೇಕೋ ಬೇಡವೋ, ಅದನ್ನು ಹೇಳಿ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಒಲೆಯ ಹಿಂದೆ ಏಜೆನ್ಸಿಯವರೇ ಹಾಕಿಕೊಟ್ಟ ಕಿತ್ತಳೆ ಬಣ್ಣದ ಹೊಸ ಪೈಪಿದೆ. ಅದರ ರಸೀತಿಯನ್ನು ಅಮ್ಮ ದೇವರ ಗೂಡಿನ ಪಂಚಾಂಗದೊಳಗೆ ಇಟ್ಟಿದ್ದಾರೆ. ನಾನು ಪೇಟೆಯಿಂದ ಏನು ತಂದರೂ ಈಗ ಕೇಳದೆಯೇ ರಸೀತಿಯನ್ನೂ ಮುಂದಿಡುತ್ತೇನೆ. ನನ್ನಾಕೆ ಇನ್ನೂ ಅದನ್ನು ಬಿಡಿಸಿ ಓದುತ್ತಾಳೆ.